ವಾರಿಜ ಉರುಳಿಸಿದ ಟಯರು

ಝಾಕಿರ್ ಸತ್ತದ್ದು ಫೋನಿನಿಂದ ಎಂದು ಎಲ್ಲರೂ ಹೇಳಿದರು. ವಾರಿಜ ಹೇಳಲಿಲ್ಲ. ಅವಳನ್ನು ಯಾರೂ ಕೇಳಿಯೂ ಇರಲಿಲ್ಲ.

ಅವಳನ್ನು ಕೇಳುವ ರೂಢಿಯೇ ಯಾರಿಗೂ ಇರಲಿಲ್ಲ. ಅಜೆಕಾರಿನ ಆಚೆ, ಗುಡ್ಡದ ಬದಿಯ ಕೊರಗರ ಕಾಲೊನಿಯಲ್ಲಿ ಅವಳ ಮನೆ. ಗಂಡ ಬಿಟ್ಟುಹೋಗಿ ಬಹಳ ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಬೆಳಕು ಹರಿಯುವಾಗಲೇ ರಸ್ತೆಗಿಳಿದು ನಿಲ್ಲುತ್ತಿದ್ದಳು. ಅಲ್ಲಿಗೆ ಜಿತೇಂದ್ರನ ವ್ಯಾನು ಬರುತ್ತಿತ್ತು. ಜಿತೇಂದ್ರ ಕಾಂಟ್ರಾಕ್ಟರ್. ಮಣಿಪಾಲದ ಎತ್ತರದ ಫ್ಲ್ಯಾಟುಗಳಿಗೆ ಗುಡಿಸುವ, ಒರೆಸುವ, ಕಕ್ಕಸು ತೊಳೆಯುವ ಹೆಂಗಸರನ್ನು ಕಳಿಸುವುದು ಅವನ ವ್ಯವಹಾರ. ಸಂತೆಕಟ್ಟೆಯಲ್ಲಿ ಅವನ ಶೆಡ್ಡು ಇತ್ತು. ಶೆಡ್ಡಿನಲ್ಲಿ ಬಾಡಿಗೆಗೆ ಬಿಡುವ ಟೂರಿಸ್ಟ್ ಕಾರುಗಳಿದ್ದವು. ಹೆಂಗಸರನ್ನು ತುಂಬಿಕೊಂಡು ಹೋಗುವ ವ್ಯಾನೂ ಅವನದೇ.

ವ್ಯಾನಿನಲ್ಲಿ ಯಾರು ಎಲ್ಲಿ ಕೂರಬೇಕೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು. ಡ್ರೈವರನ ಪಕ್ಕ ಸೂಪರ್‌ವೈಸರ್ ಇಮೆಲ್ಡಾ. ನಡುವಿನ ಸೀಟುಗಳಲ್ಲಿ ಮೆಟ್ಟಿಲು ಗುಡಿಸುವವರು, ಲಿಫ್ಟು ಒರೆಸುವವರು. ಹಿಂದೆ ಬಕೆಟು, ಪೊರಕೆ, ಫಿನಾಯಿಲ್ ಕ್ಯಾನು, ಸ್ಟೆಪ್ನಿ ಟಯರು. ಅವುಗಳ ಜೊತೆ ವಾರಿಜ. ಅವಳ ಪಕ್ಕದ ಜಾಗ ಖಾಲಿ ಬಿದ್ದಿದ್ದರೂ ನಡುವಿನವರು ಒಬ್ಬರ ತೊಡೆಯ ಮೇಲೆ ಒಬ್ಬರೆಂಬಂತೆ ಒತ್ತಿಕೊಂಡು ಕೂರುತ್ತಿದ್ದರು. ಹಿಂದೆ ವಾಸನೆ ಎನ್ನುತ್ತಿದ್ದರು. ಯಾವುದರ ವಾಸನೆ ಎಂದು ಹೇಳುತ್ತಿರಲಿಲ್ಲ.

ಅವಳದು ಕಕ್ಕಸಿನ ಕೆಲಸ. ಒಂದು ಮಹಡಿ ಮುಗಿದರೆ ಇನ್ನೊಂದು. ಕುಡಿದು ಕಾರಿದ್ದನ್ನು ತೊಳೆಯಬೇಕು. ಕಟ್ಟಿಕೊಂಡ ಪೈಪಿಗೆ ಕೈ ಹಾಕಬೇಕು. ಆಸಿಡ್ಡಿಗೆ ಅವಳ ಉಗುರು ಅರ್ಧ ತಿಂದುಹೋಗಿತ್ತು. ಗ್ಲೌಸು ಕೇಳಿದರೆ ಬರುತ್ತದೆ ಎಂದಿದ್ದರು. ಬಂದಿರಲಿಲ್ಲ. ಸಂಜೆ ವ್ಯಾನು ಹತ್ತುವಾಗ ಸೊಂಟ ನೆಟ್ಟಗಾಗುತ್ತಿರಲಿಲ್ಲ. ಅವಳ ಸೀಟು ಹಿಂದಿನ ಚಕ್ರದ ಮೇಲೆಯೇ ಇತ್ತು. ರಸ್ತೆಯ ಪ್ರತಿ ಕಲ್ಲೂ ಬೆನ್ನಿಗೆ ಬಡಿಯುತ್ತಿತ್ತು.

ಆ ವ್ಯಾನಿನ ಟಯರು ಪಂಕ್ಚರ್ ಆಗದ ವಾರವಿರಲಿಲ್ಲ. ಆದಾಗಲೆಲ್ಲ ಉಳಿದ ಹೆಂಗಸರು ಇಳಿದು ಮರದ ನೆರಳಿಗೆ ಹೋಗುತ್ತಿದ್ದರು. ಇಮೆಲ್ಡಾ ಕಿಟಕಿಯಿಂದಲೇ ವಾರಿಜಳ ಹೆಸರು ಕರೆಯುತ್ತಿದ್ದಳು. ಟಯರು ಮುಟ್ಟುವುದು ಹೊಲಸು ಕೆಲಸ. ಹೊಲಸು ಕೆಲಸಕ್ಕೆ ವಾರಿಜ. ಅದಕ್ಕೆ ಬೇರೆ ಮಾತು ಬೇಕಿರಲಿಲ್ಲ.

ಹಾಗೆ ಝಾಕಿರನ ಪರಿಚಯವಾದದ್ದು. ಕಾಪುವಿನ ಬ್ಯಾರಿ ಮುಸಲ್ಮಾನ ಅವನು. ಗಲ್ಫಿನಲ್ಲಿ ವರ್ಷಗಟ್ಟಲೆ ಲಾರಿ ಓಡಿಸಿ, ಕೆಲಸ ಹೋಗಿ, ಊರಿಗೆ ಬಂದು ಜಿತೇಂದ್ರನ ವ್ಯಾನು ಹಿಡಿದಿದ್ದ. ವಾರವಿಡೀ ಅಜೆಕಾರಿನಲ್ಲಿ ಒಂದು ಕೋಣೆ ಮಾಡಿಕೊಂಡು ಇರುತ್ತಿದ್ದ. ಶನಿವಾರ ಕೆಲಸ ಮುಗಿಸಿ ಕಾಪುವಿಗೆ, ಹೆಂಡತಿ ಮತ್ತು ತಾಯಿಯ ಹತ್ತಿರ. ನಡುವಿನ ಸೀಟಿನವರು ಅವನ ಜೊತೆಯೂ ಹೆಚ್ಚು ಮಾತಾಡುತ್ತಿರಲಿಲ್ಲ. ಅವನು ಬ್ಯಾರಿ, ಇವಳು ಕೊರಗರವಳು. ವ್ಯಾನಿನ ಎರಡು ತುದಿಯಲ್ಲಿ ಇಬ್ಬರೂ ಸುಮ್ಮನೆ ಕೂತಿರುತ್ತಿದ್ದರು. ಟಯರು ಕೈಕೊಟ್ಟಾಗ ಮಾತ್ರ ರಸ್ತೆಯ ಬದಿಯಲ್ಲಿ ಅಕ್ಕಪಕ್ಕ ಕುಕ್ಕರಗಾಲಿನಲ್ಲಿ ಕೂರುತ್ತಿದ್ದರು. ಅವನು ಅವಳನ್ನು ವಾರಿಜಕ್ಕ ಎಂದು ಕರೆಯುತ್ತಿದ್ದ. ಕಾಲೊನಿಯ ಹೊರಗೆ ಅವಳನ್ನು ಅಕ್ಕ ಎಂದವನು ಅವನೊಬ್ಬನೇ.

ಒಮ್ಮೆ ಅವನು ಬಿಚ್ಚಿದ ಟಯರನ್ನು ಅವಳ ಮುಂದೆ ನಿಲ್ಲಿಸಿ ಬೆರಳಿಟ್ಟು ನೋಡಲು ಹೇಳಿದ. ಟಯರಿನ ಮೈಮೇಲಿನ ಗೆರೆಗಳ ಒಳಗೆ ಅಲ್ಲಲ್ಲಿ ಒಂದು ಚಿಕ್ಕ ದಿಬ್ಬ ಇರುತ್ತದಂತೆ. ಟಯರು ಸವೆದು ಆ ದಿಬ್ಬಕ್ಕೆ ಸಮವಾದರೆ ಬಿಚ್ಚಿ ಎಸೆಯಬೇಕಂತೆ. ವಾರಿಜ ಬೆರಳಾಡಿಸಿದಳು. ದಿಬ್ಬ ಸಿಗಲಿಲ್ಲ. ಗೆರೆಯೂ ಸಿಗಲಿಲ್ಲ. ಒಂದು ಬದಿಯಲ್ಲಿ ರಬ್ಬರು ಹರಿದು ಒಳಗಿನ ತಂತಿ ಬೆರಳಿಗೆ ಚುಚ್ಚಿತು.

"ಮಳೆ ನೀರು ಹೋಗ್ಲಿಕ್ಕೆ ಇರುವ ದಾರಿ ಈ ಗೆರೆ, ವಾರಿಜಕ್ಕ," ಎಂದ ಝಾಕಿರ್. "ಇದು ಇಲ್ಲದಿದ್ರೆ ಗಾಡಿ ರಸ್ತೆಯ ಮೇಲೆ ಅಲ್ಲ, ನೀರಿನ ಮೇಲೆ ಹೋಗ್ತದೆ. ಬ್ರೇಕ್ ಹಾಕಿದ್ರೆ ನಿಲ್ಲುವುದಿಲ್ಲ. ಜಾರ್ತದೆ."

ಆ ಟಯರುಗಳು ಎಲ್ಲಿಂದ ಬರುತ್ತವೆ ಎಂಬುದನ್ನೂ ಅವನೇ ಹೇಳಿದ. ವ್ಯಾನಿಗೆ ಹೊಸ ಟಯರು ಬಂದದ್ದೇ ಇಲ್ಲ. ಜಿತೇಂದ್ರನ ಟೂರಿಸ್ಟ್ ಕಾರುಗಳಲ್ಲಿ ಸವೆದದ್ದನ್ನು ಬಿಚ್ಚಿ ಇದಕ್ಕೆ ಹಾಕುತ್ತಿದ್ದರು. ಕಾರು ಬಾಡಿಗೆಗೆ ಹಿಡಿಯುವವರು ಟಯರು ನೋಡುತ್ತಾರೆ, ಹಳೆಯದಾದರೆ ಬೇರೆ ಕಾರು ಕೇಳುತ್ತಾರೆ. ವ್ಯಾನಿನಲ್ಲಿ ಹೋಗುವವರು ಬೇರೆ ವ್ಯಾನು ಕೇಳುವುದಿಲ್ಲ. ಅವರಿಗೆ ಅಪಾಯ ಎಂದು ಬಿಚ್ಚಿದ್ದೇ ಇವರಿಗೆ ಸಾಕು.

ಮಳೆಗಾಲ ಹಿಡಿಯುವ ಮೊದಲು ಝಾಕಿರ್ ಜಿತೇಂದ್ರನನ್ನು ಕೇಳಿದ. ಆ ದಿನ ವಾರಿಜ ಫಿನಾಯಿಲ್ ಕ್ಯಾನು ತುಂಬಿಸಿಕೊಳ್ಳಲು ಶೆಡ್ಡಿನಲ್ಲೇ ಇದ್ದಳು. ಈ ಟಯರಿನಲ್ಲಿ ಮಳೆಗೆ ಓಡಿಸುವುದು ಕಷ್ಟ, ಹಿಂದಿನ ಎರಡಾದರೂ ಹೊಸತು ಹಾಕಿಸಿಕೊಡಿ ಎಂದು ಅವನು ತಗ್ಗಿದ ದನಿಯಲ್ಲಿ ಕೇಳಿದ್ದು ಅವಳ ಕಿವಿಗೆ ಬಿತ್ತು. ಜಿತೇಂದ್ರ ಮೊಬೈಲಿನಿಂದ ತಲೆ ಎತ್ತಲಿಲ್ಲ.

"ಇವರೆಂತ ಮದುವೆ ದಿಬ್ಬಣಕ್ಕೆ ಹೋಗುವವರಾ?" ಎಂದ. "ನಿಧಾನ ಓಡಿಸು ಮಾರಾಯ."

ಝಾಕಿರ್ ತಿರುಗಿ ಬಂದ. ವಾರಿಜಳನ್ನು ನೋಡಿ ನಗಲು ಹೋದ. ನಗು ಬರಲಿಲ್ಲ. ನೀವೆಲ್ಲ ಒಟ್ಟಾಗಿ ಕೇಳಿದರೆ ಕೊಟ್ಟಾನು ಎಂದು ಇಮೆಲ್ಡಾಳ ಹತ್ತಿರವೂ ಹೇಳಿ ನೋಡಿದ. ನಮಗೆ ಯಾಕೆ ಆ ಉಸಾಬರಿ ಎಂದಳು ಇಮೆಲ್ಡಾ. ಅವಳಿಗೂ ಮನೆಯಲ್ಲಿ ಕಾಯಿಲೆಯ ಗಂಡನಿದ್ದ. ಕೆಲಸ ಅವಳಿಗೂ ಬೇಕಿತ್ತು.

ಅಂದಿನಿಂದ ಝಾಕಿರ್ ನಿಧಾನ ಓಡಿಸಿದ. ಹಿಂದಿನ ಗಾಡಿಯವರು ಹಾರ್ನ್ ಹೊಡೆದು ಬೈದು ಮುಂದೆ ಹೋಗುತ್ತಿದ್ದರು. ನಡುವಿನ ಸೀಟಿನವರೂ ಬೈಯುತ್ತಿದ್ದರು, ಮನೆಗೆ ಹೋಗಿ ಒಲೆ ಹಚ್ಚಬೇಕೆಂದು.

ಆ ಸಂಜೆ ಮಣಿಪಾಲದಿಂದ ಹೊರಡುವಾಗಲೇ ಮಳೆ ಹೊಯ್ಯುತ್ತಿತ್ತು. ಪರ್ಕಳ ದಾಟಿದ ಮೇಲೆ ಇಳಿಜಾರು. ರಸ್ತೆಯ ಮೇಲೆ ಕೆಂಪು ನೀರು ಹರಿಯುತ್ತಿತ್ತು. ಝಾಕಿರನ ಫೋನು ಹೊಡೆದುಕೊಂಡಿತು. ಸ್ಟಿಯರಿಂಗಿನ ಆಚೆ, ಗಾಜಿನ ಹತ್ತಿರ ಇಟ್ಟಿದ್ದ ಫೋನು. ಎಲ್ಲರಿಗೂ ಕೇಳಿಸಿತು. ಇಮೆಲ್ಡಾ ನೋಡಿ, ಹಸೀನಾ ಅಂತ ಬರ್ತಾ ಉಂಟು ಎಂದಳು. ಮನೆಯವಳು, ಗಾಡಿ ನಿಲ್ಲಿಸಿದ ಮೇಲೆ ಮಾತಾಡುತ್ತೇನೆ ಎಂದ ಝಾಕಿರ್. ಅವನ ಎರಡೂ ಕೈ ಸ್ಟಿಯರಿಂಗಿನ ಮೇಲಿದ್ದವು. ಫೋನು ಹೊಡೆದು ಹೊಡೆದು ನಿಂತಿತು. ಆಮೇಲೆ ಸ್ವಲ್ಪ ದೂರ ಹೋಗಿತ್ತು ವ್ಯಾನು. ತಿರುವಿನಲ್ಲಿ ಎದುರಿನಿಂದ ಬಸ್ಸು ಬಂತು. ಝಾಕಿರ್ ಬ್ರೇಕು ಒತ್ತಿದ.

ವಾರಿಜಳ ಅಡಿಯ ಚಕ್ರ ನೆಲ ಬಿಟ್ಟಿತು. ಅವಳಿಗೆ ಅದು ತನ್ನ ಮೈಯಲ್ಲೇ ಗೊತ್ತಾಯಿತು. ಯಾವತ್ತೂ ಬೆನ್ನಿಗೆ ಬಡಿಯುತ್ತಿದ್ದ ರಸ್ತೆ ಬಡಿಯಲಿಲ್ಲ. ಎಣ್ಣೆಯ ಮೇಲೆ ಜಾರಿದಂತೆ ವ್ಯಾನಿನ ಹಿಂಭಾಗ ಸುಮ್ಮನೆ ಒಂದು ಕಡೆಗೆ ಹೋಯಿತು. ಝಾಕಿರ್ ಬಸ್ಸನ್ನು ತಪ್ಪಿಸಿದ. ಎದುರಿನ ಕೆಂಪುಕಲ್ಲಿನ ಗೋಡೆಯನ್ನು ತಪ್ಪಿಸಲು ಆಗಲಿಲ್ಲ. ಅವನು ಕೂತಿದ್ದ ಕಡೆಯೇ ಗೋಡೆಗೆ ಬಡಿಯಿತು.

ಉಳಿದವರಿಗೆ ಪೆಟ್ಟಾಯಿತು. ಇಮೆಲ್ಡಾಳ ಭುಜದ ಎಲುಬು ಮುರಿಯಿತು. ವಾರಿಜಳ ಮೊಣಕೈ ಸೀಳಿತು. ಝಾಕಿರ್ ಆಸ್ಪತ್ರೆಗೆ ಮುಟ್ಟಲಿಲ್ಲ.

ಮೊಣಕೈಗೆ ಹೊಲಿಗೆ ಹಾಕಿಸಿಕೊಂಡು ವಾರಿಜ ಆಸ್ಪತ್ರೆಯ ಬೆಂಚಿನಲ್ಲಿ ಕೂತಿದ್ದಾಗ ಆಚೆ ಬೆಂಚಿನವರು ಫೋನಿನಲ್ಲಿ ಬಂದ ಸುದ್ದಿಯನ್ನು ಓದಿ ಹೇಳುತ್ತಿದ್ದರು. ಬ್ಯಾರಿ ಡ್ರೈವರ್ ಫೋನಿನಲ್ಲಿ ಮಾತಾಡುತ್ತ ಓಡಿಸಿದನಂತೆ. ಇವರ ಕೈಗೆ ಹೆಂಗಸರನ್ನು ಕೊಡಬಾರದಂತೆ. ವಾರಿಜ ಬಾಯಿ ತೆರೆದಳು. ಅವರು ಅವಳ ಕಡೆ ನೋಡಲೇ ಇಲ್ಲ. ಮುಚ್ಚಿದಳು.

ಉಳಿದವರನ್ನು ಕರೆದುಕೊಂಡು ಹೋಗಲು ಗಂಡ, ತಮ್ಮ, ಮಗ ಎಂದು ಯಾರಾದರೂ ಬಂದರು. ಅವಳು ಬಸ್ಸು ಹಿಡಿದು ಒಬ್ಬಳೇ ಮನೆಗೆ ಹೋದಳು. ಬಾಗಿಲು ಹಾಕಿಕೊಂಡು ಮಲಗಿದಳು. ಒಂದೇ ಕೈಯಲ್ಲಿ ಗಂಜಿ ಬೇಯಿಸಿದಳು, ತಿನ್ನಲಿಲ್ಲ. ಪಕ್ಕದ ಮನೆಯವರು ಬಂದು ನೋಡಿ, ಜಿತೇಂದ್ರಣ್ಣನನ್ನು ಎದುರು ಹಾಕಿಕೊಳ್ಳಬೇಡ, ನಮ್ಮ ಹುಡುಗರೂ ಅವನ ಹತ್ತಿರ ಕೆಲಸಕ್ಕಿದ್ದಾರೆ ಎಂದು ಹೇಳಿ ಹೋದರು. ಅವಳಿನ್ನೂ ಒಂದು ಮಾತೂ ಆಡಿರಲಿಲ್ಲ.

ಕೊನೆಗೆ ತಡೆಯಲಾರದೆ ಕಾಪುವಿಗೆ ಹೊರಟಳು. ಕೇಳುತ್ತ ಕೇಳುತ್ತ ಮನೆ ಹುಡುಕಿದಳು. ಹೆದ್ದಾರಿಯಿಂದ ಕಡಲಿನ ಕಡೆಗೆ ಇಳಿಯುವ ದಾರಿಯಲ್ಲಿ ಒಂದು ಹಂಚಿನ ಮನೆ. ಝಾಕಿರನ ತಾಯಿ ಬೀಪಾತುಮ್ಮ ಬಾಗಿಲಿಗೆ ಬಂದರು. ಮಗನ ವ್ಯಾನಿನಲ್ಲಿ ಹೋಗುತ್ತಿದ್ದವಳು ಎಂದದ್ದಕ್ಕೆ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಅಲ್ಲಿ ಒಳಕೋಣೆಯಲ್ಲಿ ಹಸೀನಾ ಗೋಡೆಗೆ ಒರಗಿ ಕೂತಿದ್ದಳು. ಗಂಡ ಸತ್ತವಳು ಇದ್ದತ್ತಿನ ತಿಂಗಳುಗಳು ಮುಗಿಯುವವರೆಗೆ ಮನೆ ಬಿಟ್ಟು ಹೊರಗೆ ಬರುವಂತಿರಲಿಲ್ಲ. ವಾರಿಜ ಅವಳ ಎದುರು ಕೂತಳು. ಹಸೀನಾಳೇ ಮೊದಲು ಹೇಳಿದಳು.

"ನಾನು ಮಾಡಿದ ಫೋನು, ಅಕ್ಕ. ಗ್ಯಾಸು ಮುಗಿದಿದೆ ಅಂತ ಹೇಳ್ಲಿಕ್ಕೆ. ಅಷ್ಟೇ ಇದ್ದದ್ದು. ನನ್ನ ಫೋನು ತೆಗೀಲಿಕ್ಕೆ ಬಗ್ಗಿ ಅವರು ಸತ್ತದ್ದು."

ಹಾಗೆ ಹೇಳಿದ್ದು ಜಿತೇಂದ್ರ. ಮಣ್ಣಿಗೆ ಬಂದಿದ್ದನಂತೆ. ಹತ್ತು ಜನರ ಎದುರು ಹೇಳಿದನಂತೆ, ಪಾಪ, ಮನೆಯಿಂದ ಫೋನು ಬಂತು, ತೆಗೆಯಲು ಬಗ್ಗಿದ, ಸ್ಟಿಯರಿಂಗು ಕೈತಪ್ಪಿತು ಎಂದು. ವ್ಯಾನಿನಲ್ಲಿದ್ದ ಹೆಂಗಸರೆಲ್ಲ ಹಾಗೇ ಹೇಳುತ್ತಿದ್ದಾರೆ ಎಂದೂ ಸೇರಿಸಿದನಂತೆ. ಅಂದಿನಿಂದ ಹಸೀನಾ ಯಾರ ಮುಖವನ್ನೂ ನೋಡಿರಲಿಲ್ಲ. ಅವಳ ಫೋನು ಮೂಲೆಯಲ್ಲಿ ಬಟ್ಟೆಯ ಕೆಳಗೆ ಬಿದ್ದಿತ್ತು. ಮುಟ್ಟಲು ಅವಳಿಗೆ ಹೆದರಿಕೆ.

ವಾರಿಜ ಹಸೀನಾಳ ಹತ್ತಿರಕ್ಕೆ ಸರಿದು ಕೂತಳು. ಒಬ್ಬನನ್ನು ಕೊಂದದ್ದು ಸಾಲದೆಂದು ಜಿತೇಂದ್ರ ಆ ಕೊಲೆಯನ್ನು ಈ ಹೆಂಗಸಿನ ತಲೆಗೆ ಕಟ್ಟಿದ್ದಾನೆ. ಅವಳು ಈ ಗೋಡೆಗೆ ಒರಗಿಕೊಂಡು ಬದುಕಿಡೀ ಅದನ್ನು ಹೊರಬೇಕು. ಅವನು ನಾಳೆ ಇನ್ನೊಂದು ಕಾರಿನ ಟಯರು ಬಿಚ್ಚುತ್ತಾನೆ.

"ಅವರು ಫೋನು ಮುಟ್ಲಿಲ್ಲ ತಂಗಿ," ಎಂದಳು. "ಎರಡು ಕೈಯೂ ಸ್ಟಿಯರಿಂಗಲ್ಲಿ ಇತ್ತು. ನಿಲ್ಲಿಸಿದ ಮೇಲೆ ಮಾತಾಡ್ತೇನೆ ಅಂದ್ರು. ನಿಮ್ಮ ಫೋನು ನಿಂತು ಎಷ್ಟೋ ಹೊತ್ತಾದ ಮೇಲೆ ಗಾಡಿ ಜಾರಿದ್ದು. ಟಯರು ಸವೆದಿತ್ತು. ಅದಕ್ಕೆ ಜಾರಿದ್ದು."

ಹಸೀನಾ ತಲೆ ಎತ್ತಿದಳು. ಇನ್ನೊಮ್ಮೆ ಹೇಳಿ ಎಂದಳು. ವಾರಿಜ ಹೇಳಿದಳು. ಹಸೀನಾ ಬೀಪಾತುಮ್ಮನನ್ನು ಕರೆದು ಅವರ ಎದುರೂ ಹೇಳಿಸಿದಳು. ಮುದುಕಿ ಗಟ್ಟಿಯಾಗಿ ಅಳಲು ತೊಡಗಿದರು. ಹಸೀನಾ ಅಳಲಿಲ್ಲ. ಇದನ್ನು ಪೊಲೀಸರ ಹತ್ತಿರ ಹೇಳುತ್ತೀರಾ ಎಂದು ಕೇಳಿದಳು. ವಾರಿಜ ಹೂಂ ಎನ್ನದೆ ಎದ್ದು ಬಸ್ಸು ಹಿಡಿದಳು.

ಮರುದಿನ ಜಿತೇಂದ್ರ ಹೆಂಗಸರನ್ನೆಲ್ಲ ಶೆಡ್ಡಿಗೆ ಕರೆಸಿದ. ಪೊಲೀಸರು ಹೇಳಿಕೆ ಪಡೆಯುವವರಿದ್ದರು. ಅಪ್ಪಚ್ಚಿಯಾದ ವ್ಯಾನು ಶೆಡ್ಡಿನ ಒಳಗೇ ನಿಂತಿತ್ತು. ಮಳೆ, ರಸ್ತೆ ಬ್ಲಾಕು, ಠಾಣೆಯಲ್ಲಿ ಜಾಗವಿಲ್ಲ ಎಂದು ಏನೇನೋ ಹೇಳಿ ಅವನೇ ಅದನ್ನು ಎಳೆಸಿ ತಂದಿದ್ದ. ಗಾಡಿಯ ತಪಾಸಣೆಗೆ ಇನ್ನೂ ಯಾರೂ ಬಂದಿರಲಿಲ್ಲ. ವಾರಿಜಳ ಕಣ್ಣು ನೇರ ಚಕ್ರದ ಮೇಲೆ ಬಿತ್ತು. ನುಜ್ಜುಗುಜ್ಜಾದ ಗಾಡಿಯ ಅಡಿಯಲ್ಲಿ ಒಳ್ಳೆಯ ಟಯರುಗಳು. ಗೆರೆಗಳು ಬೆರಳು ಹೋಗುವಷ್ಟು ಆಳ ಇದ್ದವು.

ಜಿತೇಂದ್ರ ಒಬ್ಬೊಬ್ಬರಿಗೂ ಏನು ಹೇಳಬೇಕೆಂದು ಹೇಳಿಕೊಟ್ಟ. ಫೋನು ಬಂತು. ಬಗ್ಗಿದ. ಕೈತಪ್ಪಿತು. ಒಬ್ಬೊಬ್ಬರೂ ನೆಲ ನೋಡುತ್ತ ಅದನ್ನೇ ಒಪ್ಪಿಸಿದರು. ಕೈಯನ್ನು ಕೊರಳಿಗೆ ಕಟ್ಟಿಕೊಂಡಿದ್ದ ಇಮೆಲ್ಡಾಳೂ ಒಪ್ಪಿಸಿದಳು. ಬಗ್ಗಿದ ಎನ್ನುವಾಗ ಅವಳ ದನಿ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿಸಿದ. ಹೇಳಿದಳು. ವಾರಿಜಳ ಸರದಿ ಬಂದಾಗ ಅವನು ಕೈ ಬೀಸಿದ. ನೀನು ಹಿಂದೆ ಇದ್ದವಳು, ನಿನಗೆ ಎಂತದೂ ಕಂಡಿರುವುದಿಲ್ಲ, ನೀನು ಬರುವುದು ಬೇಡ ಎಂದ. ಮತ್ತೆ, ದಿನವೂ ಹೇಳುವ ಹಾಗೆ, ಶೆಡ್ಡಿನ ಹಿಂದೆ ಟಯರುಗಳಿವೆ, ಗುಜರಿಯ ಪಿಕಪ್ಪು ಬಂದಿದೆ, ಎತ್ತಿ ಹಾಕು ಎಂದ.

ವಾರಿಜ ಹಿಂದೆ ಹೋದಳು. ಮಳೆಯಲ್ಲಿ ನಾಲ್ಕು ಟಯರು ನಡುವಿನ ಕಬ್ಬಿಣದ ಡಿಸ್ಕಿನ ಸಮೇತ ಬಿದ್ದಿದ್ದವು. ಡಿಸ್ಕಿನ ಮೇಲೆ ಬಿಳಿ ಪೈಂಟಿನಲ್ಲಿ ವ್ಯಾನಿನ ನಂಬರು. ಕಳ್ಳತನವಾಗದಿರಲೆಂದು ಝಾಕಿರ್ ಬರೆದದ್ದು. ಅವಳ ಸೀಟಿನ ಅಡಿಯಲ್ಲಿದ್ದದ್ದು ಯಾವುದೆಂದು ಅವಳಿಗೆ ನೋಡಿದ ಕೂಡಲೇ ತಿಳಿಯಿತು. ತಂತಿ ಹೊರಬಂದದ್ದು. ಬಗ್ಗಿ ಅದನ್ನು ಎತ್ತಿ ನಿಲ್ಲಿಸಿದಳು. ಹೊಲಿಗೆ ಹಾಕಿದ ಮೊಣಕೈ ಚುರ್ ಎಂದಿತು. ಪಿಕಪ್ಪಿನವನು ಹಿಂಬಾಗಿಲು ತೆರೆದು ಕಾಯುತ್ತಿದ್ದ.

ಅವಳು ಟಯರನ್ನು ಪಿಕಪ್ಪಿನ ಕಡೆ ತಿರುಗಿಸಲಿಲ್ಲ. ಶೆಡ್ಡಿನ ಮುಂದಕ್ಕೆ ತಿರುಗಿಸಿದಳು. ಉರುಳಿಸುತ್ತ ಹೆಂಗಸರ ಎದುರಿನಿಂದಲೇ ಗೇಟಿನ ಕಡೆ ನಡೆದಳು. ಜಿತೇಂದ್ರ ಬಂದು ಗೇಟಿನಲ್ಲಿ ಅಡ್ಡ ನಿಂತ.

"ಎಲ್ಲಿಗೆ?"

"ಠಾಣೆಗೆ."

"ತಲೆ ಸರಿ ಉಂಟಾ ನಿನಗೆ? ಬಿಡು ಅದನ್ನು."

"ಬಿಡುವುದಿಲ್ಲ. ಟಯರು ಮುಟ್ಲಿಕ್ಕೆ ಯಾವತ್ತೂ ನನ್ನನ್ನೇ ಕರೆದದ್ದಲ್ವಾ ನೀವು. ಮುಟ್ಟಿದ್ದೇನೆ. ಇನ್ನು ಬಿಡುವುದಿಲ್ಲ."

ಅವಳ ದನಿ ಏರಿರಲಿಲ್ಲ. ಜಿತೇಂದ್ರ ಕೈ ಮುಂದೆ ತಂದ. ಟಯರಿನ ಮೇಲೆ ಅವಳ ಎರಡೂ ಕೈಗಳಿದ್ದವು. ಆಸಿಡ್ಡು ತಿಂದ ಉಗುರು, ಮಣ್ಣು, ಬ್ಯಾಂಡೇಜಿನಿಂದ ಇಳಿದ ರಕ್ತ. ಟಯರನ್ನು ಹಿಡಿಯಬೇಕಾದರೆ ಆ ಕೈಯನ್ನು ಮುಟ್ಟಬೇಕಿತ್ತು. ಅವನ ಕೈ ಅರ್ಧದಲ್ಲಿ ನಿಂತಿತು. ಹಿಂದೆ ಹೋಯಿತು. ಹೊರಗೆ ರಿಕ್ಷಾದವರು ಇಣುಕಿ ನೋಡುತ್ತಿದ್ದರು. ಅವಳು ಅವನ ಪಕ್ಕದಿಂದಲೇ ಟಯರನ್ನು ರಸ್ತೆಗೆ ಇಳಿಸಿದಳು.

ಹಿಂದೆ ಯಾರಾದರೂ ಬರುತ್ತಾರೋ ಎಂದು ಒಮ್ಮೆ ತಿರುಗಿ ನೋಡಿದಳು. ಹೆಂಗಸರು ನಿಂತಲ್ಲೇ ನಿಂತಿದ್ದರು. ಇಮೆಲ್ಡಾ ಒಂದು ಹೆಜ್ಜೆ ಮುಂದಿಟ್ಟ ಹಾಗೆ ಕಂಡಿತು. ಅದು ಅಲ್ಲಿಗೇ ನಿಂತಿತು.

ಹೆದ್ದಾರಿಯನ್ನು ಅಗೆದು ಹಾಕಿದ್ದರು. ಕೆಸರಿನ ಬದಿಯಲ್ಲೇ ಉರುಳಿಸಿದಳು. ಬಸ್ಸಿನವನು ಟಯರು ಹತ್ತಿಸುವುದಿಲ್ಲ ಎಂದ. ರಿಕ್ಷಾದವನೊಬ್ಬ ನಿಲ್ಲಿಸಿ, ಇವಳ ಹಿಂದೆ ನಿಧಾನವಾಗಿ ಬರುತ್ತಿದ್ದ ಜಿತೇಂದ್ರನ ಕಾರನ್ನು ಕಂಡು ಹೊರಟುಹೋದ. ಅಂಬಾಗಿಲಿನಲ್ಲಿ ಮಣಿಪಾಲದ ದಾರಿ ಹಿಡಿದಳು. ಪೆರಂಪಳ್ಳಿ ದಾಟಿದ ಮೇಲೆ ಏರು. ಟಯರು ಕಬ್ಬಿಣದ ಭಾರ, ಕೈ ಬಿಟ್ಟರೆ ಹಿಂದಕ್ಕೆ ಉರುಳುತ್ತದೆ. ಎದೆ ಕೊಟ್ಟು ದೂಡಿದಳು. ಸೀರೆಯೆಲ್ಲ ಕರಿ. ಮೊಣಕೈಯ ಹೊಲಿಗೆ ಬಿಚ್ಚಿತು. ಕಾಲೇಜಿನ ಹುಡುಗರು ಬೈಕಿನಲ್ಲಿ ಹೋಗುತ್ತ ಫೋನು ಎತ್ತಿ ಹಿಡಿದರು. ಒಬ್ಬರೂ ಇಳಿದು ಎಂತ ಎಂದು ಕೇಳಲಿಲ್ಲ. ಏರಿನ ನಡುವೆ ಕಲ್ಲೊಂದನ್ನು ಟಯರಿಗೆ ಅಡ್ಡ ಕೊಟ್ಟು ರಸ್ತೆಯಲ್ಲೇ ಕೂತಳು. ಮಳೆ ಹೊಯ್ಯುತ್ತಿತ್ತು. ಇಷ್ಟು ದೊಡ್ಡ ಊರಿನಲ್ಲಿ ತನ್ನನ್ನು ಅಕ್ಕ ಎಂದು ಕರೆಯುವವರು ಒಬ್ಬರೂ ಇಲ್ಲ ಎಂದು ಆಗ ಅವಳಿಗೆ ಅನಿಸಿತು. ಕರೆಯುತ್ತಿದ್ದವನೊಬ್ಬ ಇದ್ದ. ತನ್ನ ಪರವಾಗಿ ಹೇಳಲು ಅವನಿಗೆ ಈಗ ಬಾಯಿಯಿಲ್ಲ. ಎದ್ದಳು. ಕಲ್ಲು ತೆಗೆದಳು. ದೂಡಿದಳು. ಹಿಂದೆ ಬರುತ್ತಿದ್ದ ಕಾರು ಪೇಟೆ ಹತ್ತಿರವಾದಾಗ ತಿರುಗಿ ಹೋಯಿತು.

ಮಣಿಪಾಲದ ಠಾಣೆಯಲ್ಲಿ ಒಬ್ಬ ಮಹಿಳಾ ಪೇದೆ ಅವಳಿಗೆ ನೀರು ಕೊಟ್ಟಳು. ಟಯರನ್ನು ಗೋಡೆಗೆ ಒರಗಿಸಿಟ್ಟರು. ನಂಬರು ನೋಡಿದರು. ಆ ಸಂಜೆಯೇ ಜೀಪು ಸಂತೆಕಟ್ಟೆಗೆ ಹೋಯಿತು. ಉಳಿದ ಮೂರು ಟಯರು ಆ ಹೊತ್ತಿಗೆ ಅಲ್ಲಿರಲಿಲ್ಲ.

ವಾರಿಜಳಿಗೆ ಕೆಲಸ ಹೋಯಿತು. ಇನ್ನು ಬರಬೇಡವೆಂದು ಹೇಳಿ ಕಳಿಸುವ ತೊಂದರೆಯನ್ನೂ ಯಾರೂ ತೆಗೆದುಕೊಳ್ಳಲಿಲ್ಲ, ವ್ಯಾನು ನಿಲ್ಲದೆ ಹೋಯಿತು, ಅಷ್ಟೇ. ಬೇರೆ ವ್ಯಾನು, ಬೇರೆ ಡ್ರೈವರ್. ನಾಲ್ಕೂ ಟಯರು ಹೊಚ್ಚ ಹೊಸತು. ರಸ್ತೆ ಬದಿಯಲ್ಲಿ ನಿಂತ ಅವಳ ಮೇಲೆ ಕೆಸರು ಹಾರಿಸಿಕೊಂಡು ಹೋಗುವಾಗ ಅವುಗಳ ಅಚ್ಚು ಒದ್ದೆ ಮಣ್ಣಿನಲ್ಲಿ ಚೆನ್ನಾಗಿ ಮೂಡುತ್ತಿತ್ತು. ಅವು ಯಾಕೆ ಬಂದವೆಂದು ಒಳಗೆ ಕೂತವರಿಗೆ ಗೊತ್ತಿತ್ತು. ಒಬ್ಬರೂ ಕಿಟಕಿಯ ಕಡೆ ತಿರುಗಲಿಲ್ಲ. ಕಾಲೊನಿಯಲ್ಲೂ ಜನ ಅವಳನ್ನು ಕಂಡರೆ ದಾರಿ ಬದಲಿಸಿದರು. ಅವಳು ಕಾರ್ಕಳದ ಒಂದು ಮದುವೆ ಹಾಲ್‌ನಲ್ಲಿ ಪಾತ್ರೆ ತೊಳೆಯಲು ಹೋಗತೊಡಗಿದಳು. ಬಸ್ಸಿನಲ್ಲಿ ಹೋಗಿ ಬಸ್ಸಿನಲ್ಲಿ ಬಂದು ಯಾರ ಹತ್ತಿರವೂ ಮಾತಾಡದೆ ಮಲಗುವ ದಿನಗಳೇ ಹೆಚ್ಚು.

ಮಳೆಗಾಲ ಮುಗಿಯುವ ಹೊತ್ತಿಗೆ ಅವಳನ್ನು ಪುನಃ ಠಾಣೆಗೆ ಕರೆದರು. ಹೊಸದಾಗಿ ಬಂದ ಅಧಿಕಾರಿ ಎಲ್ಲವನ್ನೂ ಮೊದಲಿನಿಂದ ಕೇಳಿದರು. ಹೊರಗಿನ ಬೆಂಚಿನಲ್ಲಿ ಜಿತೇಂದ್ರ ತನ್ನ ವಕೀಲನ ಜೊತೆ ಕೂತಿದ್ದ. ಇಮೆಲ್ಡಾ ಮತ್ತು ಉಳಿದವರು ಆಗಷ್ಟೇ ಹೇಳಿಕೆ ಕೊಟ್ಟು ಹೊರಗೆ ಬಂದಿದ್ದರು. ವಾರಿಜ ಹೇಳಿದಳು. ಫೋನು, ಎರಡು ಕೈ, ಬಸ್ಸು, ನೆಲ ಬಿಟ್ಟ ಚಕ್ರ. ಶೆಡ್ಡಿನಲ್ಲಿ ಕೇಳಿದ ಮಾತು. ಶೆಡ್ಡಿನ ಹಿಂದೆ ಕಂಡದ್ದು.

ಅಧಿಕಾರಿ ಪೆನ್ನು ಕೆಳಗಿಟ್ಟರು. "ನೋಡಿ ವಾರಿಜಾ. ಗಾಡಿಯ ಒಳಗೆ ಇದ್ದ ಉಳಿದವರೆಲ್ಲ ಡ್ರೈವರ್ ಫೋನಿಗೆ ಬಗ್ಗಿದ ಅಂತಾರೆ. ಬಗ್ಗಲಿಲ್ಲ ಅಂತ ಹೇಳುವವರು ನಿಮ್ಮ ಜೊತೆ ಇನ್ಯಾರು ಇದ್ದಾರೆ?"

ವಾರಿಜ ತೆರೆದ ಬಾಗಿಲಿನ ಕಡೆ ನೋಡಿದಳು. ಇಮೆಲ್ಡಾ ಅಲ್ಲೇ ನಿಂತಿದ್ದಳು. ಕೇಳಿಸುವಷ್ಟು ಹತ್ತಿರ. ಇಮೆಲ್ಡಾ ಸೆರಗಿನಿಂದ ಮುಖ ಒರೆಸಿಕೊಂಡು ಮೆಟ್ಟಿಲು ಇಳಿದುಹೋದಳು.

"ಯಾರೂ ಇಲ್ಲ," ಎಂದಳು ವಾರಿಜ. "ನಾನೊಬ್ಬಳೇ. ಬರೀರಿ."